ಒಂದೇ ಇಂಗ್ಲಿಷ್ ಅರ್ಥ, ಹಲವು ಜಪಾನೀ ಪದಗಳು: ಯಾವುದನ್ನು ಎಲ್ಲಿ ಬಳಸಬೇಕು?

ಶಿವಮೊಗ್ಗದಲ್ಲಾಗಲಿ ಸಾಗರದಲ್ಲಾಗಲಿ ಜಪಾನೀ ಭಾಷೆಯನ್ನು ಕಲಿಯಲು ಕುಳಿತವರಿಗೆ ಸಿಗುವ ಪಠ್ಯಪುಸ್ತಕ, ಆ್ಯಪ್ ಮತ್ತು ನಿಘಂಟುಗಳು ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷಿನ ಮೂಲಕವೇ ಬರುತ್ತವೆ. ಫೋನಿನಲ್ಲಿ ಉಚಿತವಾಗಿ ದೊರೆಯುವ ಜಪಾನೀ ನಿಘಂಟುಗಳಲ್ಲಿ ಅನೇಕವು, ಜಿಮ್ ಬ್ರೀನ್ ಅವರು ಆಸ್ಟ್ರೇಲಿಯಾದಲ್ಲಿ 1991ರಲ್ಲಿ ಆರಂಭಿಸಿದ ಪದಕೋಶದ ಕೆಲಸದಿಂದ ಬೆಳೆದು ಬಂದಿವೆ. ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಅಂಥ ನಿಘಂಟಿನಲ್ಲಿ ಒಂದು ಜಪಾನೀ ಪದದ ಎದುರಿಗೆ ಹೆಚ್ಚಾಗಿ ಇರುವುದು ಕೆಲವು ಇಂಗ್ಲಿಷ್ ಪದಗಳು. ಹೀಗಾಗಿ ‘ಸಮುಯಿ’ ಎಂದರೂ ‘ಕೋಲ್ಡ್’, ‘ತ್ಸುಮೆತಾಯಿ’ ಎಂದರೂ ‘ಕೋಲ್ಡ್’. ‘ಅಗೆರು’ ಎಂದರೂ ‘ಗಿವ್’, ‘ಕುರೆರು’ ಎಂದರೂ ‘ಗಿವ್’. ಬೆಂಗಳೂರಿಗೆ ಹೋಗಿ ಜೆಎಲ್‌ಪಿಟಿ ಎಂಬ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆ ಬರೆಯುವವರನ್ನು ಈ ತೊಡಕು ನೇರವಾಗಿ ಎದುರುಗೊಳ್ಳುತ್ತದೆ. ಅದರ ಹಂತಗಳು ಸುಲಭವಾದ ಎನ್5ರಿಂದ ಕಠಿಣವಾದ ಎನ್1ರವರೆಗೆ ಏರುತ್ತವೆ; ಎನ್4 ಮತ್ತು ಅದಕ್ಕಿಂತ ಮೇಲಿನ ಹಂತಗಳಲ್ಲಿ ಒಂದು ಪದವನ್ನು ಕೊಟ್ಟು, ಅದನ್ನು ಸರಿಯಾಗಿ ಬಳಸಿರುವ ವಾಕ್ಯವನ್ನು ನಾಲ್ಕರಲ್ಲಿ ಆರಿಸುವಂತೆ ಕೇಳುವ ಪ್ರಶ್ನೆಗಳೇ ಇರುತ್ತವೆ. ಇಂಗ್ಲಿಷ್ ಅರ್ಥವನ್ನಷ್ಟೇ ಬಾಯಿಪಾಠ ಮಾಡಿದವರಿಗೆ ಆ ನಾಲ್ಕೂ ವಾಕ್ಯಗಳು ಸರಿಯಾಗಿಯೇ ತೋರುತ್ತವೆ.

ಹತ್ತಿರದ ಅರ್ಥವಿರುವ ಪದಗಳನ್ನು ಸಂದರ್ಭಕ್ಕೆ ತಕ್ಕಂತೆ ಬೇರೆಬೇರೆಯಾಗಿ ಬಳಸುವುದಕ್ಕೆ ಜಪಾನೀಯರು ‘ತ್ಸುಕಾಯಿವಾಕೆ’ ಎನ್ನುತ್ತಾರೆ. ಅದನ್ನು ಕಲಿಯಲು ಕನ್ನಡಿಗರು ಅನುಸರಿಸಬಹುದಾದ ಕ್ರಮವೊಂದಿದೆ. ಮೊದಲು ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡವನ್ನು ಕೇಳಬೇಕು. ಇಂಗ್ಲಿಷ್ ಬೆರೆಸಿಬಿಟ್ಟದ್ದನ್ನು ನಮ್ಮ ಮಾತು ಎಷ್ಟೋ ಕಡೆ ಮೊದಲೇ ಬೇರ್ಪಡಿಸಿ ಇಟ್ಟಿರುತ್ತದೆ. ಕನ್ನಡವೂ ಒಂದೇ ಪದವನ್ನು ಕೊಟ್ಟಾಗ, ಆ ಜಪಾನೀ ಪದದ ಅಕ್ಕಪಕ್ಕದಲ್ಲಿ ಯಾರಿದ್ದಾರೆ, ಯಾವ ಪ್ರತ್ಯಯವಿದೆ ಎಂಬುದನ್ನು ನೋಡಬೇಕು. ಅದೂ ಸಾಲದಾದಾಗ ಜಪಾನೀಯರು ತಮಗಾಗಿ ಬರೆದುಕೊಂಡ ವಿವರಣೆಗೇ ಹೋಗಬೇಕು.

ಮೊದಲು ಕನ್ನಡದಲ್ಲಿ ವಾಕ್ಯ ಬರೆಯಿರಿ

ಕನ್ನಡದಲ್ಲಿ ಬಿಡಿ ಪದವನ್ನು ಬರೆದುಕೊಂಡರೆ ಪ್ರಯೋಜನವಾಗದು. ಹೇಳಬೇಕೆಂದಿರುವ ಇಡೀ ವಾಕ್ಯವನ್ನು ಮನೆಯಲ್ಲಿ ಆಡುವ ಹಾಗೆಯೇ ಬರೆದುಕೊಳ್ಳಬೇಕು. ‘ರೈಸ್’ ಎಂಬ ಅರ್ಥಕ್ಕೆ ಬರುವ ಜಪಾನೀ ಪದಗಳನ್ನು ನೋಡಿ: ‘ಇನೆ’, ‘ಮೊಮಿ’, ‘ಕೊಮೆ’, ‘ಗೊಹಾನ್’, ‘ರಾಯಿಸು’. ತೀರ್ಥಹಳ್ಳಿ, ಹೊಸನಗರದ ಕಡೆ ಗದ್ದೆಬಯಲಿನ ಅಂಚಿನಲ್ಲಿ ಬೆಳೆದವರು ಇದರಲ್ಲಿ ಗೊಂದಲಪಡಬೇಕಾದ ಕಾರಣವೇ ಇಲ್ಲ. ಗದ್ದೆಯಲ್ಲಿ ನಿಂತ ಪೈರು ‘ಇನೆ’; ಹೊಟ್ಟು ಬಿಡಿಸದ ಭತ್ತದ ಕಾಳು ‘ಮೊಮಿ’; ಗಿರಣಿಯಿಂದ ಚೀಲದಲ್ಲಿ ಮನೆಗೆ ಬರುವ ಅಕ್ಕಿ ‘ಕೊಮೆ’; ಬೇಯಿಸಿ ಬಟ್ಟಲಿಗೆ ಬಡಿಸಿದ ಅನ್ನ ‘ಗೊಹಾನ್’. ‘ರಾಯಿಸು’ ಎಂಬ ಎರವಲು ಪದ ಹೋಟೆಲುಗಳಲ್ಲಿ ತಟ್ಟೆಯ ಮೇಲೆ ಬಡಿಸುವ ಅನ್ನಕ್ಕೆ, ಮುಖ್ಯವಾಗಿ ಪಾಶ್ಚಾತ್ಯ ಬಗೆಯ ಅಡುಗೆಯ ಜೊತೆಗೆ ಬರುವ ಅನ್ನಕ್ಕೆ ನಿಂತಿದೆ. ‘ಗೊಹಾನ್’ಗೆ ಊಟ ಎಂಬ ಅರ್ಥವೂ ಇರುವುದರಿಂದ, ಬೆಳಿಗ್ಗೆ ಬ್ರೆಡ್ಡನ್ನೇ ತಿಂದರೂ ಅದು ‘ಅಸಗೊಹಾನ್’, ಅಂದರೆ ಬೆಳಗಿನ ಊಟ. ಹಾಗೆಯೇ ಇಂಗ್ಲಿಷಿನ ‘ಫೀಲ್ಡ್’ ಜಪಾನೀಯಲ್ಲಿ ‘ತಂಬೊ’ ಮತ್ತು ‘ಹತಾಕೆ’ ಎಂದು ಒಡೆಯುತ್ತದೆ. ನೀರು ನಿಲ್ಲಿಸುವ ಗದ್ದೆ ಮೊದಲನೆಯದು, ನೀರು ನಿಲ್ಲಿಸದ ಹೊಲ ಎರಡನೆಯದು. ಭತ್ತವನ್ನು ನಂಬಿ ಬದುಕಿದ ಎರಡು ನಾಡುಗಳ ಮಾತು ಇಲ್ಲಿ ಒಂದೇ ಜಾಡಿನಲ್ಲಿ ನಡೆದಿರುವುದನ್ನು ಕಂಡಾಗ ಕಲಿಯುವವರಿಗೆ ಹುಮ್ಮಸ್ಸು ಬರುವುದು ಸಹಜ.

ಚಳಿಯ ಪದಗಳಿಗೆ ಇನ್ನಷ್ಟು ಸೂಕ್ಷ್ಮ ಗಮನ ಬೇಕು. ಹವೆಯಿಂದಾಗಿ ಮೈಗೆಲ್ಲ ಆಗುವ ಚಳಿ ‘ಸಮುಯಿ’. ಮುಟ್ಟಿದಾಗ ತಣ್ಣಗೆ ಅನ್ನಿಸುವ ವಸ್ತುವಿನ ಗುಣ ‘ತ್ಸುಮೆತಾಯಿ’. ‘ಆಗುಂಬೆಯಲ್ಲಿ ಇವತ್ತು ಬಹಳ ಚಳಿ’ ಎಂಬಲ್ಲಿ ‘ಸಮುಯಿ’ ಬರುತ್ತದೆ. ‘ಹಂಡೆಯ ನೀರು ತಣ್ಣಗಿದೆ’, ‘ನಿನ್ನ ಕೈ ತಣ್ಣಗಿದೆ’ ಎಂಬಲ್ಲಿ ‘ತ್ಸುಮೆತಾಯಿ’. ಇಷ್ಟರ ಮಟ್ಟಿಗೆ ಕನ್ನಡದ ‘ಚಳಿ’ ಮತ್ತು ‘ತಣ್ಣಗೆ’ ನಮ್ಮನ್ನು ಸರಿಯಾದ ಕಡೆಗೇ ಕರೆದೊಯ್ಯುತ್ತವೆ. ಆದರೆ ನಮ್ಮ ‘ತಂಪು’ ಎಂಬ ಪದವನ್ನು ಹಾಗೆಯೇ ನಂಬುವಂತಿಲ್ಲ. ‘ಸಂಜೆ ತಂಪಾಗಿದೆ’ ಎಂದು ಹಿತವಾಗಿ ಹೇಳುವಾಗ ಜಪಾನೀಯರು ‘ಸುಜುಶೀ’ ಎನ್ನುತ್ತಾರೆ; ‘ತಂಪು ಪಾನೀಯ’ಕ್ಕೆ ಅವರ ಪದ ‘ತ್ಸುಮೆತಾಯಿ’. ಕಾಫಿಯ ವಿಷಯದಲ್ಲಿ ಮತ್ತೊಂದು ಭೇದವಿದೆ. ಫ್ರಿಜ್ಜಿನಲ್ಲಿಟ್ಟು ತಣಿಸಿದ ಕಾಫಿ ‘ತ್ಸುಮೆತಾಯಿ’ ಆದರೆ, ಮಾತಿನ ನಡುವೆ ಮರೆತು ಆರಿಹೋದ ಕಾಫಿ ‘ಸಮೆತಾ’ ಕಾಫಿ. ಅದು ‘ಸಮೆರು’, ಅಂದರೆ ಆರು, ಎಂಬ ಕ್ರಿಯಾಪದದಿಂದ ಬಂದ ರೂಪ. ಬಿಸಿಯಾಗಿರಬೇಕಾದದ್ದು ಉಗುರು ಬೆಚ್ಚಗಿದ್ದರೆ ‘ನುರುಯಿ’ ಎಂಬ ಬೇರೆಯೇ ಪದವಿದೆ. ಬಿಸಿಯ ಕಡೆಗೆ ಬಂದರೆ, ಸೆಕೆಗೂ ಬಿಸಿಗೂ ಉಚ್ಚಾರ ಒಂದೇ, ‘ಅತ್ಸುಯಿ’. ಬರೆಯುವ ಚಿತ್ರಾಕ್ಷರ ಮಾತ್ರ ಬೇರೆ. ಬರವಣಿಗೆಯಲ್ಲಿ ಯಾವುದನ್ನು ಆರಿಸಬೇಕೆಂಬ ಸಂಶಯ ಬಂದಾಗ ಕನ್ನಡದಲ್ಲಿ ‘ಸೆಕೆ’ ಎನ್ನುವಿರೋ ‘ಬಿಸಿ’ ಎನ್ನುವಿರೋ ಎಂದು ಕೇಳಿಕೊಂಡರೆ ಸಾಕು. ಬಿಸಿನೀರಿಗೆ ಮಾತ್ರ ‘ಅತ್ಸುಯಿ ಮಿಜು’ ಎಂದು ಜೋಡಿಸಬಾರದು, ಏಕೆಂದರೆ ‘ಮಿಜು’ ಎಂದರೆ ಕಾಯಿಸದ ನೀರು; ಕಾಯಿಸಿದ ನೀರಿಗೆ ‘ಒಯು’ ಎಂಬ ಸ್ವತಂತ್ರ ಪದವಿದೆ.

ನೋಟ ಮತ್ತು ಶ್ರವಣಕ್ಕೆ ಸಂಬಂಧಿಸಿದ ಕ್ರಿಯಾಪದಗಳಲ್ಲಿ ಕನ್ನಡದಷ್ಟು ಒಳ್ಳೆಯ ದಾರಿದೀಪ ಬೇರೆ ಸಿಗಲಾರದು. ‘ಮಿರು’ ಎಂದರೆ ನೋಡು, ‘ಮಿಯೆರು’ ಎಂದರೆ ಕಾಣು. ‘ಕಿಕು’ ಎಂದರೆ ಕೇಳು, ‘ಕಿಕೊಯೆರು’ ಎಂದರೆ ಕೇಳಿಸು. ರೇಡಿಯೊ ಕೇಳುವುದು ‘ಕಿಕು’, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಕೇಳಿಸುವುದು ‘ಕಿಕೊಯೆರು’. ಇಂಗ್ಲಿಷಿನವರು ಇಲ್ಲಿ ಉದ್ದನೆಯ ವಿವರಣೆ ಬರೆಯುತ್ತಾರೆ. ನಮಗೆ ಅದರ ಅಗತ್ಯವಿಲ್ಲ. ‘ನೋಡು’ ಕ್ರಿಯೆಗೆ ನಾನು ಕರ್ತೃವಾಗಿ ‘ಗುಡ್ಡವನ್ನು’ ನೋಡುತ್ತೇನೆ. ‘ಕಾಣು’ ಕ್ರಿಯೆಗೆ ಬಂದಾಗ ‘ನನಗೆ ಗುಡ್ಡ ಕಾಣುತ್ತದೆ’. ಜಪಾನೀಯಲ್ಲೂ ‘ಮಿರು’ ಬಂದಾಗ ವಸ್ತುವಿಗೆ ‘ಒ’ ಪ್ರತ್ಯಯ ಹತ್ತುತ್ತದೆ, ‘ಮಿಯೆರು’ ಬಂದಾಗ ‘ಗ’. ‘ವಯಸ್ಸಿಗಿಂತ ಚಿಕ್ಕವರಾಗಿ ಕಾಣುತ್ತಾರೆ’ ಎಂಬ ನಮ್ಮ ಪ್ರಯೋಗವೂ ‘ಮಿಯೆರು’ವಿನಲ್ಲಿದೆ. ಇನ್ನೂ ಸೊಗಸಾದ ಸಂಗತಿಯೆಂದರೆ, ಇಂಗ್ಲಿಷಿನಲ್ಲಿ ‘ಲಿಸನ್’ ಮತ್ತು ‘ಆಸ್ಕ್’ ಎಂದು ಎರಡಾಗಿರುವುದು ಜಪಾನೀಯಲ್ಲಿ ಒಂದೇ ‘ಕಿಕು’. ನಾವೂ ಹಾಡನ್ನು ಕೇಳುತ್ತೇವೆ, ಮೇಷ್ಟ್ರ ಹತ್ತಿರ ಸಂಶಯವನ್ನೂ ಕೇಳುತ್ತೇವೆ. ಯಾರ ಹತ್ತಿರ ಕೇಳಿದಿರೋ ಅವರಿಗೆ ‘ನಿ’ ಪ್ರತ್ಯಯ ಹತ್ತಿಸಿದರೆ ಪ್ರಶ್ನೆಯ ಅರ್ಥ ಸ್ಪಷ್ಟವಾಗುತ್ತದೆ.

ಇದೇ ಗುಂಪಿನಲ್ಲಿ ‘ಮಿರಾರೆರು’ ಎಂಬ ಮೂರನೆಯ ರೂಪವೊಂದಿದ್ದು, ನಿಘಂಟು ಅದನ್ನೂ ‘ಮಿಯೆರು’ವನ್ನೂ ‘ನೋಡಲು ಸಾಧ್ಯವಾಗು’ ಎಂಬಂತೆ ಕೊಡುವುದರಿಂದ ಅನೇಕರು ಇಲ್ಲಿ ಎಡವುತ್ತಾರೆ. ಜೋಗಕ್ಕೆ ಹೋದ ದಿನ ಮಂಜು ಮುಸುಕಿ ಜಲಪಾತ ಕಾಣದೆ ಹೋದರೆ ಅದು ‘ಮಿಯೆನಾಯಿ’. ಗೇಟು ಮುಚ್ಚಿದ ಮೇಲೆ ತಲುಪಿದ್ದರಿಂದ ನೋಡಲಾಗದೆ ಹೋದರೆ ಅದು ‘ಮಿರಾರೆನಾಯಿ’. ಕಣ್ಣಿಗೆ ತಾನಾಗಿ ಬೀಳುವುದು ಮೊದಲನೆಯದು, ಅವಕಾಶವಿದ್ದರೆ ನೋಡಬಹುದಾದದ್ದು ಎರಡನೆಯದು.

ಬಟ್ಟೆಬರೆಯ ವಿಷಯದಲ್ಲಿ ಇಂಗ್ಲಿಷಿಗೆ ‘ವೇರ್’ ಒಂದೇ ಸಾಕು. ಈಚೆಗೆ ನಾವೂ ಎಲ್ಲದಕ್ಕೂ ‘ಹಾಕಿಕೊಳ್ಳು’ ಎನ್ನತೊಡಗಿದ್ದೇವೆ, ಆದರೆ ಸೀರೆ ಉಡುವುದು, ಬಳೆ ತೊಡುವುದು, ಹೂ ಮುಡಿಯುವುದು, ಚಪ್ಪಲಿ ಮೆಟ್ಟುವುದು ಇನ್ನೂ ಹಿರಿಯರ ಬಾಯಲ್ಲಿವೆ. ಜಪಾನೀ ಭಾಷೆ ಇದನ್ನು ಮೈಯ ಭಾಗಕ್ಕೆ ತಕ್ಕಂತೆ ಹಂಚಿಕೊಂಡಿದೆ. ಮೇಲ್ಮೈಗೆ ಅಥವಾ ಇಡೀ ಮೈಗೆ ತೊಡುವುದಕ್ಕೆ ‘ಕಿರು’ ಬರುವುದರಿಂದ ಅಂಗಿಗೂ ಸೀರೆಗೂ ಅದೇ ಆಗಬೇಕು. ಸೊಂಟದಿಂದ ಕೆಳಗೆ ಹೋಗುವ ಪ್ಯಾಂಟು, ಕಾಲುಚೀಲ, ಚಪ್ಪಲಿಗಳಿಗೆ ‘ಹಕು’, ತಲೆಯ ಮೇಲೆ ಬರುವ ಟೋಪಿಗೆ ‘ಕಬುರು’, ಕನ್ನಡಕಕ್ಕೆ ‘ಕಕೆರು’. ಮಳೆಗಾಲದ ಕಂಬಳಿಕೊಪ್ಪೆಯನ್ನು ಜಪಾನೀಯಲ್ಲಿ ವಿವರಿಸಬೇಕಾಗಿ ಬಂದರೆ, ತಲೆಯ ಮೇಲಿಂದ ಇಳಿಬೀಳುವಂತೆ ಹೊದೆಯುವುದರಿಂದ ‘ಕಬುರು’ ಎನ್ನುವುದೇ ಸೂಕ್ತ. ಕೊಡೆಗೆ ಎರಡು ಕ್ರಿಯಾಪದಗಳು: ಬಿಚ್ಚಿ ತಲೆಯ ಮೇಲೆ ಹಿಡಿದರೆ ‘ಸಸು’, ಮಡಚಿ ಕೈಯಲ್ಲಿ ಒಯ್ಯುತ್ತಿದ್ದರೆ ‘ಮೊತ್ಸು’.

ದೀಪ ಆರಿತು, ದೀಪ ಆರಿಸಿದೆ ಎಂಬ ಜೋಡಿಯೂ ಜಪಾನೀಯಲ್ಲಿ ‘ಕಿಯೆರು’, ‘ಕೆಸು’ ಎಂದು ಬೇರೆಯಾಗಿದೆ. ನಮ್ಮ ‘-ಇಸು’ ಪ್ರತ್ಯಯವನ್ನು ನೆನಪಿನಲ್ಲಿಟ್ಟುಕೊಂಡರೆ ಇಂಥ ಜೋಡಿಗಳಲ್ಲಿ ಬಹುಪಾಲು ತಾವಾಗಿ ಬಿಡಿಸಿಕೊಳ್ಳುತ್ತವೆ.

ಕನ್ನಡವೂ ಒಂದೇ ಪದ ಕೊಟ್ಟಾಗ

ನಿಜವಾದ ಪರಿಶ್ರಮ ಇಲ್ಲಿಂದ ಆರಂಭವಾಗುತ್ತದೆ. ‘ಕೊಡು’ ಎಂಬ ಪದವನ್ನೇ ತೆಗೆದುಕೊಳ್ಳೋಣ. ನಾನು ತಂಗಿಗೆ ಕೊಟ್ಟೆ, ಅಣ್ಣ ನನಗೆ ಕೊಟ್ಟ. ಕನ್ನಡದಲ್ಲಿ ಕ್ರಿಯಾಪದ ಬದಲಾಗುವುದಿಲ್ಲ. ಜಪಾನೀಯಲ್ಲಿ ವಸ್ತು ನನ್ನಿಂದ ಹೊರಗೆ ಹೋದರೆ, ಅಥವಾ ಬೇರೆಯವರಿಂದ ಇನ್ನೊಬ್ಬ ಬೇರೆಯವರಿಗೆ ಹೋದರೆ ‘ಅಗೆರು’. ನನ್ನ ಕಡೆಗೆ ಬಂದರೆ ‘ಕುರೆರು’. (ಮಲಯಾಳದಲ್ಲಿ ‘ತರಿಕ’ ಮತ್ತು ‘ಕೊಡುಕ್ಕುಕ’ ಎಂಬ ಭೇದ ಇಂದಿಗೂ ಬಳಕೆಯಲ್ಲಿರುವುದರಿಂದ, ಆ ಭಾಷೆ ಬಲ್ಲವರಿಗೆ ಇದು ಬೇಗ ಹತ್ತುತ್ತದೆ.) ಇಲ್ಲಿ ‘ನಾನು’ ಎಂದರೆ ಒಬ್ಬ ವ್ಯಕ್ತಿಯಷ್ಟೇ ಅಲ್ಲ, ನನ್ನ ಮನೆಯವರು, ನನ್ನ ಕಡೆಯವರು ಎಲ್ಲರೂ ಅದರಲ್ಲಿ ಸೇರುತ್ತಾರೆ. ಪಕ್ಕದ ಮನೆಯವರು ನನ್ನ ತಂಗಿಗೆ ಪುಸ್ತಕ ಕೊಟ್ಟಾಗಲೂ ‘ಕುರೆತಾ’ ಎಂದೇ ಹೇಳಬೇಕು, ಏಕೆಂದರೆ ಪುಸ್ತಕ ನಮ್ಮ ಮನೆಯ ಒಳಗೆ ಬಂದಿದೆ. ಈ ಒಳಗು ಮತ್ತು ಹೊರಗನ್ನು ಅವರು ‘ಉಚಿ’, ‘ಸೊತೊ’ ಎನ್ನುತ್ತಾರೆ, ಮತ್ತು ಇದೇ ಸೂತ್ರ ಬಂಧುವಾಚಕಗಳಲ್ಲೂ ಕೆಲಸ ಮಾಡುತ್ತದೆ. ಇಂಗ್ಲಿಷಿನ ‘ಬ್ರದರ್’ ಅಣ್ಣನೋ ತಮ್ಮನೋ ಎಂಬುದನ್ನು ಕನ್ನಡ ತಿಳಿಸಿಕೊಡುತ್ತದೆ. ಆದರೆ ಹೊರಗಿನವರ ಮುಂದೆ ನನ್ನ ಅಣ್ಣನ ವಿಷಯ ಹೇಳುವಾಗ ‘ಅನಿ’, ನಿಮ್ಮ ಅಣ್ಣನ ವಿಷಯ ಹೇಳುವಾಗ ‘ಒನೀಸಾನ್’ ಎಂಬ ಇನ್ನರ್ಧವನ್ನು ಜಪಾನೀಯಿಂದಲೇ ಕಲಿಯಬೇಕು.

‘ಕುರೆರು’ ಅರ್ಥವಾದ ಮೇಲೆ ಕನ್ನಡ ಮತ್ತೆ ಕೈಹಿಡಿಯುತ್ತದೆ. ಬರೆದುಕೊಟ್ಟ, ಮಾಡಿಕೊಟ್ಟ, ಓದಿಕೊಟ್ಟ ಎಂದು ನಾವು ಉಪಕಾರವನ್ನು ಕ್ರಿಯಾಪದದ ಬೆನ್ನಿಗೇ ಕಟ್ಟುವಂತೆ ಅವರೂ ‘ಕಾಯಿತೆ ಕುರೆತಾ’ ಎಂದು ಕಟ್ಟುತ್ತಾರೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹಿರಿಯರಿಗೆ ಅಥವಾ ಮೇಲಧಿಕಾರಿಗಳಿಗೆ ‘ನಾನು ಬರೆದುಕೊಡಲೇ’ ಎಂದು ಕೇಳುವುದು ಕನ್ನಡದಲ್ಲಿ ವಿನಯವೇ ಆದರೂ, ಅದನ್ನೇ ‘ಕಾಯಿತೆ ಅಗೆಮಾಶೋ ಕಾ’ ಎಂದರೆ ಉಪಕಾರ ಹೊರಿಸಿದಂತೆ ಕೇಳಿಸುತ್ತದೆ. ‘ಕಾಕಿಮಾಶೋ ಕಾ’, ಅಂದರೆ ‘ಬರೆಯಲೇ’ ಎಂದಷ್ಟೇ ಕೇಳುವುದು ಒಳ್ಳೆಯದು.

ಹೋಗು, ಬಾ ಎಂಬಲ್ಲಿ ಸ್ಥಿತಿ ಇನ್ನೂ ವಿಚಿತ್ರವಾಗಿದೆ. ಮನೆಯಿಂದ ಹೊರಡುವಾಗ ಜಪಾನೀಯರು ಹೇಳುವ ‘ಇತ್ತೆ ಕಿಮಾಸು’ ನಮ್ಮ ‘ಹೋಗಿ ಬರ್ತೀನಿ’ಯೇ, ಅಕ್ಷರ ಅಕ್ಷರಕ್ಕೂ. ಆದರೆ ಅಡುಗೆಮನೆಯಿಂದ ಅಮ್ಮ ಕರೆದಾಗ ನಾವು ‘ಬಂದೆ’ ಎನ್ನುತ್ತೇವೆ; ಜಪಾನೀಯಲ್ಲಿ ಅದಕ್ಕೆ ‘ಇಮಾ ಇಕಿಮಾಸು’, ಅಂದರೆ ‘ಈಗ ಹೋಗುತ್ತೇನೆ’ ಎಂದೇ ಉತ್ತರ. ಮಾತನಾಡುವವನು ಆ ಕ್ಷಣದಲ್ಲಿ ನಿಂತ ಜಾಗವೇ ಅಲ್ಲಿ ಅಳತೆಗೋಲು. ಕೇಳುವವರು ಇರುವ ಜಾಗಕ್ಕೆ ಮನಸ್ಸನ್ನು ಒಯ್ದು ‘ಬರುತ್ತೇನೆ’ ಎನ್ನುವ ಸೌಲಭ್ಯ ಸಾಮಾನ್ಯ ಜಪಾನೀಯಲ್ಲಿ ಇಲ್ಲ.

‘ಗೊತ್ತಿಲ್ಲ’ ಎಂಬುದಕ್ಕೂ ಎರಡು ಪದಗಳಿವೆ. ಮಾಹಿತಿ ತಲೆಯಲ್ಲಿ ಇದೆಯೇ ಇಲ್ಲವೇ ಎಂಬುದು ‘ಶಿರು’, ಯೋಚಿಸಿದ ಮೇಲೆ ಸ್ಪಷ್ಟವಾಗುವುದು ‘ವಕಾರು’. ಭದ್ರಾವತಿಯ ಬಸ್ಸು ಎಷ್ಟು ಹೊತ್ತಿಗೆ ಎಂಬುದು ತಿಳಿದಿಲ್ಲದಿದ್ದರೆ ‘ಶಿರಿಮಾಸೆನ್’ ನಡೆಯುತ್ತದೆ. ‘ಮುಂದಿನ ವಾರ ನೀವು ಬರುತ್ತೀರಾ’ ಎಂದು ನಿಮ್ಮದೇ ಕಾರ್ಯಕ್ರಮವನ್ನು ಕೇಳಿದಾಗ ಹಾಗೆ ಉತ್ತರಿಸಿದರೆ, ನನಗೇನು ಸಂಬಂಧ ಎಂಬ ಧ್ವನಿ ಹೊರಡುತ್ತದೆ. ‘ಮದಾ ವಕಾರಿಮಾಸೆನ್’ ಎನ್ನಬೇಕು. ರೂಪದಲ್ಲೂ ಒಂದು ವಿಶೇಷವಿದೆ: ಗೊತ್ತು ಎನ್ನಲು ‘ಶಿತ್ತೆ ಇಮಾಸು’, ಆದರೆ ಗೊತ್ತಿಲ್ಲ ಎನ್ನಲು ‘ಶಿರಿಮಾಸೆನ್’.

ಕನ್ನಡದ ‘-ಅಲ್ಲಿ’ ಪ್ರತ್ಯಯವನ್ನು ಜಪಾನೀ ಭಾಷೆ ‘ನಿ’ ಮತ್ತು ‘ದೆ’ ಎಂದು ಒಡೆಯುತ್ತದೆ. ಇರುವುದು, ವಾಸಿಸುವುದು ಎಂಬ ನೆಲೆಯನ್ನು ಹೇಳುವಾಗ ‘ನಿ’, ಕೆಲಸ ನಡೆಯುವ ಜಾಗವನ್ನು ಹೇಳುವಾಗ ‘ದೆ’. ಶಿವಮೊಗ್ಗದಲ್ಲಿ ವಾಸವಾಗಿದ್ದೇನೆ ಎಂಬಲ್ಲಿ ‘ನಿ’, ಶಿವಮೊಗ್ಗದಲ್ಲಿ ಕೆಲಸ ಮಾಡುತ್ತೇನೆ ಎಂಬಲ್ಲಿ ‘ದೆ’. ‘ಅರು’ ಎಂದರೆ ಇದೆ, ಆದ್ದರಿಂದ ಯಾವಾಗಲೂ ‘ನಿ’ ಎಂದು ಗಟ್ಟಿಮಾಡಿಕೊಂಡವರು, ‘ನಾಳೆ ನಮ್ಮೂರಲ್ಲಿ ಜಾತ್ರೆ ಇದೆ’ ಎಂಬ ವಾಕ್ಯದಲ್ಲಿ ತಪ್ಪುತ್ತಾರೆ. ಜಾತ್ರೆ ನಡೆಯುವ ಸಂಗತಿಯೇ ಹೊರತು ಇಟ್ಟ ವಸ್ತುವಲ್ಲವಾದ್ದರಿಂದ ಅಲ್ಲಿ ‘ದೆ’ ಬರುತ್ತದೆ. ‘ಅರು’ವಿನ ಜೋಡಿಯಾದ ‘ಇರು’ವಿನಲ್ಲೂ ನಮ್ಮ ಲಿಂಗವ್ಯವಸ್ಥೆ ದಾರಿ ತಪ್ಪಿಸಬಲ್ಲದು. ನಾವು ಹಸುವಿಗೂ ಅಡಿಕೆ ಮರಕ್ಕೂ ‘ಇದೆ’ ಎನ್ನುತ್ತೇವೆ; ಅವರಿಗೆ ತಾನಾಗಿ ಚಲಿಸುವ ಜೀವಿಯಾದ ಹಸು ‘ಇರು’, ಮರ ‘ಅರು’.

ಜಪಾನೀ ವಿವರಣೆಗಳನ್ನು ಬಳಸುವ ಬಗೆ

ಮೂಲ ವ್ಯಾಕರಣ ಕೈಗೆ ಬಂದೊಡನೆ, ಎರಡು ಪದಗಳನ್ನೂ ಅವುಗಳ ಮುಂದೆ ‘ಚಿಗಾಯಿ’, ಅಂದರೆ ವ್ಯತ್ಯಾಸ, ಎಂಬ ಪದವನ್ನೂ ಜಪಾನೀ ಲಿಪಿಯಲ್ಲಿಯೇ ಟೈಪಿಸಿ ಹುಡುಕುವುದನ್ನು ರೂಢಿ ಮಾಡಿಕೊಳ್ಳಬೇಕು. ಜಪಾನೀಯರಿಗೂ ಇಂಥ ಸಂಶಯಗಳು ಬರುತ್ತವೆ; ಅವರಿಗಾಗಿ ಬರೆದ ವಿವರಣೆಗಳು ಹೇರಳವಾಗಿವೆ. ಒಂದೇ ಉಚ್ಚಾರವಿದ್ದು ಬೇರೆ ಚಿತ್ರಾಕ್ಷರಗಳಲ್ಲಿ ಬರೆಯುವ ಪದಗಳ ಬಳಕೆಗೆ ಅಲ್ಲಿನ ಸರ್ಕಾರದ ಸಂಸ್ಕೃತಿ ಇಲಾಖೆಯೇ 2014ರಲ್ಲಿ ಉದಾಹರಣೆಗಳ ಪಟ್ಟಿಯನ್ನು ಹೊರತಂದಿದೆ. ಅದಕ್ಕೂ ಮುಂದೆ ಹೋಗಬೇಕೆನ್ನುವವರಿಗೆ ಜಪಾನಿನ ರಾಷ್ಟ್ರೀಯ ಭಾಷಾ ಸಂಶೋಧನ ಸಂಸ್ಥೆ 2011ರಲ್ಲಿ ಪ್ರಕಟಿಸಿದ, ಸುಮಾರು 10 ಕೋಟಿ ಪದಗಳ ಲಿಖಿತ ಜಪಾನೀ ಭಂಡಾರವಿದೆ. ‘ಚೂನಾಗೊನ್’ ಎಂಬ ಅದರ ಹುಡುಕಾಟದ ತಾಣದಲ್ಲಿ ನೋಂದಾಯಿಸಿಕೊಂಡು ನಿಜವಾದ ಪುಸ್ತಕ, ಪತ್ರಿಕೆಗಳ ವಾಕ್ಯಗಳನ್ನು ನೋಡಬಹುದು. ಅಲ್ಲಿ ಅರ್ಥವನ್ನು ಹುಡುಕಬೇಡಿ, ನೆರೆಹೊರೆಯನ್ನು ಹುಡುಕಿ. ‘ತ್ಸುಮೆತಾಯಿ’ಯ ಪಕ್ಕದಲ್ಲಿ ನೀರು, ಗಾಳಿ, ಕೈ, ಕಡೆಗೆ ಕಲ್ಲುಮನಸ್ಸಿನ ಮನುಷ್ಯ ಕೂಡ ಸಿಗುತ್ತಾರೆ, ‘ಸಮುಯಿ’ಯ ಪಕ್ಕದಲ್ಲಿ ದಿನ, ರಾತ್ರಿ, ಕೋಣೆ, ಊರು ಸಿಗುತ್ತವೆ. ಇಪ್ಪತ್ತು ಮೂವತ್ತು ವಾಕ್ಯಗಳನ್ನು ಹೀಗೆ ಓದುವುದರಿಂದ ಆಗುವ ಲಾಭ ಯಾವ ವ್ಯಾಖ್ಯೆಯಿಂದಲೂ ಆಗದು.

ಕೆಲವೊಮ್ಮೆ ಎರಡು ಪದಗಳ ಅರ್ಥ ನಿಜಕ್ಕೂ ಒಂದೇ ಆಗಿದ್ದು, ಬೇರೆಯಾಗಿರುವುದು ಅವುಗಳ ಗತ್ತು ಮಾತ್ರ. ಕನ್ನಡದಲ್ಲಿ ದೇಸಿ ಪದ, ಸಂಸ್ಕೃತದ ಪದ, ಇಂಗ್ಲಿಷಿನಿಂದ ಬಂದ ಪದ ಎಂಬ ಮೂರು ಪದರಗಳಿರುವಂತೆಯೇ ಜಪಾನೀಯಲ್ಲಿ ‘ವಾಗೊ’, ಚೀನೀ ಮೂಲದ ‘ಕಾಂಗೊ’, ಹೊರಗಿನಿಂದ ಬಂದ ‘ಗಾಯಿರಾಯಿಗೊ’ ಎಂಬ ಪದರಗಳಿವೆ. ವೇಗಕ್ಕೆ ‘ಹಯಾಸಾ’, ‘ಸೊಕುದೊ’, ‘ಸುಪೀದೊ’ ಮೂರೂ ಇವೆ. ‘ಕಾವು’ ನಮ್ಮ ‘ಕೊಳ್ಳು’ವಿನಂತೆ, ‘ಕೋನ್ಯೂ ಸುರು’ ನಮ್ಮ ‘ಖರೀದಿಸು’ವಿನಂತೆ, ಸಂತೆಯಲ್ಲಿ ಸೊಪ್ಪು ಕೊಳ್ಳುವ ಮಾತಿಗೆ ಎರಡನೆಯದನ್ನು ಹಚ್ಚಿದರೆ ಕಚೇರಿಯ ಪತ್ರ ಓದಿದಂತಾಗುತ್ತದೆ. ನಾಳೆಗೆ ಮಾತಿನಲ್ಲಿ ‘ಅಶಿತಾ’, ತುಸು ಗಂಭೀರವಾದ ಸಂದರ್ಭದಲ್ಲಿ ‘ಅಸು’, ತೀರ ಔಪಚಾರಿಕ ಪತ್ರದಲ್ಲಿ ಅಥವಾ ಗ್ರಾಹಕರ ಮುಂದೆ ‘ಮ್ಯೋನಿಚಿ’. ಇಂಥಲ್ಲಿ ಅರ್ಥಭೇದವನ್ನು ಹುಡುಕುತ್ತ ಹೊತ್ತು ಕಳೆಯದೆ, ಯಾರ ಮುಂದೆ ಮಾತನಾಡುತ್ತಿದ್ದೇನೆ ಎಂಬುದೊಂದನ್ನೇ ಕೇಳಿಕೊಳ್ಳಬೇಕು.

ಇನ್ನು ಕೆಲವು ಪದಗಳು ಅವರ ನೆಲಕ್ಕೇ ಅಂಟಿಕೊಂಡಿವೆ. ನಿಘಂಟಿನಲ್ಲಿ ‘ತ್ಸುಯು’ ಎಂದರೆ ಮಳೆಗಾಲ ಎಂದಿರುವುದನ್ನು ನೋಡಿ ಮಲೆನಾಡಿನ ಮುಂಗಾರನ್ನು ಹಾಗೆ ಕರೆಯುವುದು ಸರಿಯಲ್ಲ. ಅದು ಟೋಕಿಯೊದ ಸುತ್ತಮುತ್ತ ಸಾಮಾನ್ಯವಾಗಿ ಜೂನ್ ಆರಂಭದಿಂದ ಜುಲೈ ನಡುಭಾಗದವರೆಗೆ ಹಿಡಿಯುವ, ಬೇಸಿಗೆಗೆ ಮೊದಲಿನ ಮಳೆಯ ಅವಧಿ. ಆಗುಂಬೆಯ ತಿಂಗಳುಗಟ್ಟಲೆ ಮಳೆಗೆ, ಉಷ್ಣವಲಯದ ಮಳೆಗಾಲವನ್ನು ಸೂಚಿಸುವ ‘ಉಕಿ’ ಎಂಬ ಪದವಿದೆ. ಮಂಜಿನಂತೆ ಉದುರುವ ತುಂತುರಿಗೆ ‘ಕಿರಿಸಾಮೆ’ ಎನ್ನುವುದಕ್ಕೆ ಅಡ್ಡಿಯಿಲ್ಲ, ಧೋ ಎಂದು ಸುರಿಯುವುದಕ್ಕೆ ‘ದೊಶಾಬುರಿ’ ಎನ್ನುವುದಕ್ಕೂ ಅಡ್ಡಿಯಿಲ್ಲ. ಆದರೆ ಶರತ್ಕಾಲದ ಕೊನೆಗೆ ಬಂದು ಹೋಗುವ ಅವರ ‘ಶಿಗುರೆ’ಯನ್ನು ನಮ್ಮ ಯಾವ ಮಳೆಗೂ ಹೊಂದಿಸಲು ಹೋಗಬಾರದು.

ಕಲಿತದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವಾಗ ಎಡಗಡೆ ಕನ್ನಡ ವಾಕ್ಯ, ಬಲಗಡೆ ಪ್ರತ್ಯಯ ಸಮೇತವಾದ ಜಪಾನೀ ವಾಕ್ಯ ಇರಲಿ. ಬಿಡಿ ಪದಕ್ಕೆ ಬಿಡಿ ಪದ ಬರೆಯುವುದನ್ನು ಬಿಟ್ಟುಬಿಡಿ. ಜೋಡಿ ಪದಗಳನ್ನು ಎದುರುಬದುರು ಪುಟಗಳಲ್ಲಿ ಇಟ್ಟು, ಒಂದರ ಬದಲಿಗೆ ಇನ್ನೊಂದನ್ನು ಹಾಕಿದರೆ ತಪ್ಪಾಗುವ ವಾಕ್ಯವೊಂದನ್ನಾದರೂ ಪ್ರತಿ ಜೋಡಿಗೂ ಸೇರಿಸಿ. ಅಂಥ ವಾಕ್ಯ ಎಷ್ಟು ಹುಡುಕಿದರೂ ಸಿಗದಿದ್ದರೆ, ಆ ಎರಡು ಪದಗಳಲ್ಲಿ ಹೆಚ್ಚು ಕೇಳಿಬರುವುದನ್ನು ಮಾತಿಗೆ ಇಟ್ಟುಕೊಂಡು ಇನ್ನೊಂದನ್ನು ಓದಿದಾಗ ಗುರುತಿಸುವಷ್ಟಕ್ಕೆ ಬಿಟ್ಟು, ಮುಂದಿನ ಜೋಡಿಗೆ ಹೋಗಬಹುದು.